ಮರಿ ಪ್ರೋಗ್ರಾಂ ಉತ್ತರ ಕೊಡುವ ತನಕ

೩ ಜೂನ್, ಮಂಗಳವಾರ

ಬೆಳಗಿನ ಜಾವ ಕೆಟ್ಟ ಕನಸು. ಅಮ್ಮನ ಹೊಲಿಗೆ ಮೆಷಿನ್ನಿನ ಹೊಟ್ಟೆಯೊಳಗೆ ಫೋನು ಬಡಿದುಕೊಳ್ಳುತ್ತಿತ್ತು. ನಾನು ಸ್ಕ್ರೂ ಬಿಚ್ಚುತ್ತಾ ಕೂತಿದ್ದೆ. ಒಂದು ಬಿಚ್ಚಿದರೆ ಅದರಡಿ ಇನ್ನೊಂದು. ಅಷ್ಟರಲ್ಲಿ ರಿಂಗ್ ನಿಂತುಹೋಯಿತು. ನಿಂತಿದ್ದಕ್ಕೇ ಎಚ್ಚರವಾಯಿತು. ಎದ್ದು ಹೋಗಿ ಅಮ್ಮನ ಕತ್ತಿನ ಹತ್ತಿರ ಅಂಗೈ ಹಿಡಿದೆ. ಉಸಿರು ಬೆಚ್ಚಗೆ ತಾಗಿತು. ಕ್ಯಾನ್ಸರಿಗೆ ಗಂಟಲಿನ ಆಪರೇಷನ್ ಆದಮೇಲೆ ಅವಳು ಉಸಿರಾಡುವುದು ಕತ್ತಿನ ತೂತಿನಿಂದ, ದನಿಯೂ ಹೋಗಿದೆ. ಮೊದಮೊದಲು ನಾನು ಮರೆತು ಮೂಗಿನ ಹತ್ತಿರ ಕೈ ಹಿಡಿದು, ಏನೂ ತಾಗದೆ, ಎದೆ ಒಡೆದುಕೊಂಡಿದ್ದುಂಟು.

ಇವತ್ತು ಆಸ್ಪತ್ರೆಗೆ ತೋರಿಸಿಕೊಂಡು ಬಂದೆವು. ಅಲ್ಲಿ ಆದದ್ದು ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ.

ಡಾಕ್ಟರು ಕೇಳಿದರು, "ನೋವಿದೆಯಾ?"

"ಇಲ್ಲ ಡಾಕ್ಟ್ರೇ, ಈಗ ಪರವಾಗಿಲ್ಲ."

"ನುಂಗೋಕೆ ಕಷ್ಟ ಆಗುತ್ತಾ?"

"ಸ್ವಲ್ಪ. ಆದ್ರೆ ಗುಟುಕು ಗುಟುಕಾಗಿ ಕುಡೀತಾರೆ."

"ನಿದ್ದೆ?"

"ಚೆನ್ನಾಗಿ ಮಾಡ್ತಾರೆ. ನಂಗೇ ನಿದ್ದೆ ಇಲ್ಲ."

ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. "ಪೇಷಂಟ್ ಯಾರು? ನೀವಾ, ಅವರಾ?"

ನಾನು ನಕ್ಕೆ. ಅವರು ನಗಲಿಲ್ಲ. ಮುಂದಿನ ಸಲ ಬಂದಾಗ ಎಲ್ಲ ಸರಿ ಇದ್ದರೆ ಮತ್ತೆ ಮೂರು ತಿಂಗಳು ಬರುವುದೇ ಬೇಡ ಅಂದರು. ಆದರೆ ಸರಿ ಇದೆ ಅನ್ನುವುದನ್ನು ಅಮ್ಮನೇ ಹೇಳಬೇಕಂತೆ. "ಮಗಳು ಹೇಳಿದ್ದನ್ನ ಬರ್ಕೊಂಡು ಕಳಿಸಿದ್ರೆ ನನ್ನ ತಲೆ ಮೇಲೆ ಬರುತ್ತೆ. ಏನಾದ್ರೂ ದಾರಿ ಮಾಡ್ಕೊಂಡು ಬನ್ನಿ."

ಏನು ದಾರಿ ಮಾಡುವುದು? ಅಮ್ಮನಿಗೆ ಅಕ್ಷರ ಬರುವುದಿಲ್ಲ. ಅಂಕಿ ಬರುತ್ತದೆ, ಅಳತೆ ಟೇಪಿಗೆ ಬೇಕಾದಷ್ಟು. ಇಷ್ಟು ವರ್ಷ ಬಟ್ಟೆ ಹೊಲಿದಿದ್ದೂ ತುಟಿ ನಡುವೆ ಗುಂಡುಪಿನ್ನು ಕಚ್ಚಿಕೊಂಡೇ, ಮಾತು ಕಮ್ಮಿ. ಕೈಸನ್ನೆ ನನಗೆ ಅರ್ಥವಾಗುತ್ತದೆ ಅಂದುಕೊಂಡಿದ್ದೇನೆ. ಡಾಕ್ಟರಿಗೆ ಆಗುವುದಿಲ್ಲವಲ್ಲ.

೫ ಜೂನ್, ಗುರುವಾರ

ಒಂದು ಯೋಚನೆ ಬಂದಿದೆ.

ನಾನು ಕೆಲಸ ಮಾಡುವುದು ಬಿಲ್ ಹೊಡೆಯುವ ಮೆಷಿನ್ ರಿಪೇರಿ ಅಂಗಡಿಯಲ್ಲಿ. ಮೂಲೆಯಲ್ಲಿ ಒಂದು ಹಳೇ ಲ್ಯಾಪ್‌ಟಾಪ್ ಬಿದ್ದಿತ್ತು. ಯಜಮಾನರನ್ನು ಕೇಳಿದೆ. "ತಗೊಂಡು ಹೋಗು ಮಾರಾಯ್ತಿ, ಇಲ್ಲಿ ಧೂಳು ಕುಡೀತಾ ಕೂತಿದೆ" ಅಂದರು. ಬರೆದದ್ದನ್ನು ಓದಿ ಹೇಳುವ ಸಣ್ಣ ಪ್ರೋಗ್ರಾಂ ಪುಕ್ಕಟೆ ಸಿಗುತ್ತದೆ. ಅಮ್ಮ ಒಂದು ಅಂಕಿ ಒತ್ತಿದರೆ ಒಂದು ವಾಕ್ಯ. ಅಷ್ಟೇ.

ಅಷ್ಟೇ ಅಂತ ಬರೆಯುವುದು ಸುಲಭ. ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆಮೇಲೆ ಸಂಜೆ ಕಂಪ್ಯೂಟರ್ ಕ್ಲಾಸಿಗೆ ಸೇರಿ ಪ್ರೋಗ್ರಾಂ ಬರೆಯುವ ಸಿ ಭಾಷೆ ಕಲಿಯುತ್ತಿದ್ದಾಗ ಆ ಕ್ಲಾಸೇ ಮುಚ್ಚಿಹೋಯಿತು. ನನಗೆ ಬರುವುದು ಅದೊಂದೇ, ಅದೂ ಅರ್ಧ.

ಹಾಗೂ ಹೀಗೂ ಒಂದು ಬರೆದೆ. ಮಾತು ಬಂತು. ಆದರೆ ಅದು ಮಾತಾಡುವಷ್ಟು ಹೊತ್ತು ಕೀಗಳು ಸತ್ತ ಹಾಗೆ ಇರುತ್ತವೆ. ಅಮ್ಮ ಕೇಳಿಸಲಿಲ್ಲವೇನೋ ಅಂತ ಮತ್ತೆ ಮತ್ತೆ ಒತ್ತಿದಳು. ಆಮೇಲೆ ಅದು "ನೀರು ಬೇಕು, ನೀರು ಬೇಕು, ನೀರು ಬೇಕು" ಅಂತ ಹಟ ಹಿಡಿಯಿತು. ನಾನು ನೀರು ತಂದೆ. ಅವಳಿಗೆ ನೀರು ಬೇಕಿರಲಿಲ್ಲ, ಸುಮ್ಮನೆ ಒತ್ತಿ ನೋಡಿದ್ದಂತೆ. ಆದರೂ ಕುಡಿಸಿದೆ.

೬ ಜೂನ್, ಶುಕ್ರವಾರ

ಮೇಷ್ಟ್ರನ್ನು ಹುಡುಕಿಕೊಂಡು ಹೋದೆ. ಸಂಜೆ ಕ್ಲಾಸಿನಲ್ಲಿ ಸಿ ಕಲಿಸುತ್ತಿದ್ದವರು, ಈಗ ಜೆರಾಕ್ಸ್ ಅಂಗಡಿ ಇಟ್ಟಿದ್ದಾರೆ. ಗುರುತು ಹಿಡಿದರು.

"ಪಾಯಿಂಟರ್ ಪಾಠ ಅರ್ಧಕ್ಕೆ ಬಿಟ್ಟ ಪಾಪ ನನ್ನ ಮೇಲಿದೆ ಕಣಮ್ಮ. ಕೂತ್ಕೋ."

ಎಲ್ಲ ಹೇಳಿದೆ. ಹೇಳುವಾಗ ಆಸ್ಪತ್ರೆ, ಆಪರೇಷನ್, ನನ್ನ ಕನಸು ಎಲ್ಲ ಬಂದುಬಿಟ್ಟಿತು. ಅವರು ಜೆರಾಕ್ಸ್ ಮಾಡುತ್ತಲೇ ಕೇಳಿಸಿಕೊಂಡರು. ಆಮೇಲೆ ಹಾಳೆಯ ಹಿಂದೆ ಎರಡು ಚೌಕ ಬರೆದರು.

"ಒಂದೇ ಪ್ರೋಗ್ರಾಂ ಎಲ್ಲ ಮಾಡೋಕೆ ಹೋದ್ರೆ ಹಿಂಗೇ. ಫೋರ್ಕ್ ಅಂತ ಒಂದ್ಸಲ ಕರೆದ್ರೆ ಅದು ಎರಡಾಗುತ್ತೆ. ಹಳೇದು ತಾಯಿ, ಹೊಸದು ಮರಿ. ತಾಯಿ ಕೀ ನೋಡ್ಕೊಳ್ಳಲಿ. ಮರಿ ಮಾತಾಡಲಿ. ಮಾತಾಡಿ ಮುಗಿಸಿ, 'ಆಯ್ತು' ಅಂತ ತಾಯಿಗೆ ಹೇಳ್ಲಿ. ಅಲ್ಲಿವರೆಗೆ ತಾಯಿ ಪರದೆ ಮೇಲೆ ಕೆಂಪು ಚುಕ್ಕಿ ತೋರಿಸ್ಲಿ. 'ಆಯ್ತು' ಬಂದ್ಮೇಲೆ ಹಸಿರು."

"ಮರಿ ಹೇಳಿದ್ದು ತಾಯಿಗೆ ಹೆಂಗೆ ಕೇಳುತ್ತೆ ಸಾರ್?"

"ನಡುವೆ ಪೈಪ್ ಹಾಕ್ಬೇಕು. ಒಂದು ತುದೀಲಿ ಬರೆದದ್ದು ಇನ್ನೊಂದು ತುದೀಲಿ ಓದೋಕೆ ಸಿಗುತ್ತೆ."

ಬರೆದುಕೊಂಡೆ. ಮನೆಗೆ ಬಂದು ಬಾಗಿಲ ಚಿಲಕ ಹಾಕಿದೆನೋ ಇಲ್ಲವೋ ಅಂತ ಎರಡು ಸಲ ಎದ್ದು ನೋಡಿದೆ. ಹಾಕಿತ್ತು.

೯ ಜೂನ್, ಸೋಮವಾರ

ಪೈಪ್ ಹಾಕಿದೆ. ತಾಯಿ "ನೀರು ಬೇಕು" ಅಂತ ಮರಿಗೆ ಕಳಿಸಿತು. ಕಳಿಸಿದ ಕೂಡಲೇ ಉತ್ತರವೂ ಬಂತು. ಖುಷಿಪಟ್ಟೆ. ಆದರೆ ಉತ್ತರದಲ್ಲಿ "ಆಯ್ತು" ಅಂತ ಇರಲಿಲ್ಲ, "ನೀರು ಬೇಕು" ಅಂತಲೇ ಇತ್ತು. ಮಾತೂ ಕೇಳಿಸಲಿಲ್ಲ. ಮರಿ ಯಾಕೋ ತಾಯಿ ಹೇಳಿದ್ದನ್ನೇ ಒಪ್ಪಿಸುತ್ತಿದೆ ಅಂದುಕೊಂಡು ಮರಿಯ ಭಾಗವನ್ನು ಪೂರ್ತಿ ಅಳಿಸಿ ಮತ್ತೆ ಬರೆದೆ. ಆಗಲೂ ಅದೇ.

ಮೇಷ್ಟ್ರು ನೋಡಿ ನಕ್ಕರು. "ಹೋಗೋಕೂ ಬರೋಕೂ ಒಂದೇ ಪೈಪ್ ಇಟ್ಟಿದ್ದೀಯಲ್ಲ. ತಾಯಿ ಕೇಳ್ತು, ತಾನು ಕೇಳಿದ್ದನ್ನ ತಾನೇ ಓದ್ಕೊಳ್ತು, ಉತ್ತರ ಬಂತು ಅಂತ ಸಮಾಧಾನ ಮಾಡ್ಕೊಳ್ತು. ಪಾಪ, ಮರಿಗೆ ಏನೂ ತಲುಪೇ ಇಲ್ಲ. ಎರಡು ಪೈಪ್ ಹಾಕು. ಹೋಗೋಕೊಂದು, ಬರೋಕೊಂದು."

ಇಷ್ಟು ದೊಡ್ಡ ತಪ್ಪು ಕಣ್ಣಿಗೆ ಬೀಳಲಿಲ್ಲವಲ್ಲ. ಶಾಲೆ ಬಿಟ್ಟದ್ದು ಇಂಥ ಕಡೆಯೆಲ್ಲ ಎದ್ದು ಕಾಣುತ್ತದೆ.

೧೦ ಜೂನ್, ಮಂಗಳವಾರ

ಬರೆಯಲು ಕೈ ಬರುತ್ತಿಲ್ಲ. ಕತ್ತಿನ ತೂತಿನ ಸುತ್ತ ಒರೆಸುವಾಗ ಅಮ್ಮ ಕೆಮ್ಮಿದಳು. ನಾನು ಬಟ್ಟೆ ಬಿಟ್ಟು ಹಿಂದೆ ಸರಿದೆ. ಉಳಿದದ್ದನ್ನು ಅವಳೇ ಕನ್ನಡಿ ಹಿಡಿದುಕೊಂಡು ಒರೆಸಿಕೊಂಡಳು.

೧೨ ಜೂನ್, ಗುರುವಾರ

ಎರಡು ಪೈಪ್ ಆಯಿತು. ಕಳಿಸುವ ಸಾಲುಗಳನ್ನೂ ಕ್ಲಾಸಿನಲ್ಲಿ ಕಲಿತ ರೀತಿಗೆ ಬದಲಾಯಿಸಿದೆ.

ಇವತ್ತು ಕೀಗಳ ಕೆಲಸ. ಅಂಕಿ ಸಣ್ಣದು, ಅಮ್ಮನ ಕಣ್ಣಿಗೆ ಹಿಡಿಯುವುದಿಲ್ಲ. ಅವಳ ಚಿಂದಿ ಚೀಲ ತಂದು ಮುಂದಿಟ್ಟೆ. ಪ್ರತಿ ಕೀಗೂ ಒಂದೊಂದು ಬಟ್ಟೆ ಚೂರು ಅಂಟಿಸಿದರೆ ಬೆರಳಿಗೇ ಗೊತ್ತಾಗುತ್ತದಲ್ಲ. ಅಮ್ಮನೇ ಆರಿಸಿದಳು. ನೀರಿಗೆ ನುಣುಪಾದ ಲೈನಿಂಗ್ ಬಟ್ಟೆ. ನಿದ್ದೆಗೆ ಮಖಮಲ್ಲು. ಕತ್ತರಿ ಹಿಡಿದು ಕೀಯ ಅಳತೆಗೆ ಕತ್ತರಿಸಿಯೂ ಕೊಟ್ಟಳು, ಅಂಚು ಬಿಡದ ಹಾಗೆ. ಆಪರೇಷನ್ ಆದಮೇಲೆ ಕತ್ತರಿ ಹಿಡಿದದ್ದು ಇದೇ ಮೊದಲು.

ವಾಕ್ಯಗಳನ್ನು ನಾನು ಕೂತು ಬರೆದೆ. ನೀರು ಬೇಕು. ನಿದ್ದೆ ಬಂತು. ದೀಪ ಆರಿಸು. ನಾನು ಚೆನ್ನಾಗಿದ್ದೇನೆ. ನೋವಿಲ್ಲ. ನೀನು ಊಟ ಮಾಡು.

ಸಾಕು ಅನಿಸಿತು. ಇವಿಷ್ಟರಲ್ಲಿ ದಿನ ಕಳೆಯುತ್ತದೆ.

೧೩ ಜೂನ್, ಶುಕ್ರವಾರ

ಕೆಂಪು ಚುಕ್ಕಿ ಬಂದದ್ದು ಹೋಗುತ್ತಲೇ ಇಲ್ಲ. ಮಾತೂ ಇಲ್ಲ. ತಾಯಿ ಮರಿಯ ಉತ್ತರಕ್ಕೆ ಕಾಯುತ್ತಿದೆ. ಮರಿ ತಾಯಿಯ ಮಾತಿಗೆ ಕಾಯುತ್ತಿದೆ. ಎರಡೂ ಸುಮ್ಮನೆ ಕೂತಿವೆ. ಮಧ್ಯಾಹ್ನದ ಬಿಡುವಿನಲ್ಲಿ ಅಂಗಡಿಯಲ್ಲೇ ತೆಗೆದು ನೋಡಿದೆ, ಅಲ್ಲೂ ಹಾಗೇ. ಊಟದ ಡಬ್ಬಿ ತೆರೆಯದೆ ವಾಪಸು ತಂದೆ.

ಚಿಕ್ಕಮ್ಮ, ಅಂದರೆ ಅಮ್ಮನ ತಂಗಿ, ನಾನು ಅಂಗಡಿಗೆ ಹೋದಾಗ ಬಂದು ಅಮ್ಮನ ಜೊತೆ ಇರುತ್ತಾಳೆ. ಡಬ್ಬಿ ನೋಡಿ, "ಇದ್ಯಾವ ಗೀಳು ಹಿಡೀತೆ ನಿಂಗೆ? ಫೋನಲ್ಲೇ ಏನೇನೋ ಬರುತ್ತಂತಲ್ಲ, ಒತ್ತಿದ್ರೆ ಮಾತಾಡೋದು" ಅಂದಳು.

"ಫೋನಿನ ಗಾಜು ಅಮ್ಮನ ಬೆರಳಿಗೆ ಸ್ಪಂದಿಸಲ್ಲ ಚಿಕ್ಕಮ್ಮ. ಸೂಜಿ ಚುಚ್ಚಿ ಚುಚ್ಚಿ ಬೆರಳ ತುದಿ ಗಟ್ಟಿಯಾಗಿದೆ."

"ನಿನ್ನ ತಲೆಯೂ ಗಟ್ಟಿಯಾಗಿದೆ."

ಅಮ್ಮನ ಭುಜ ಅಲುಗಿತು. ಈಗ ಅವಳ ನಗು ಅಂದರೆ ಅಷ್ಟೇ, ಭುಜ.

೧೬ ಜೂನ್, ಸೋಮವಾರ

ಮೇಷ್ಟ್ರಿಗೂ ತಕ್ಷಣ ಹೊಳೆಯಲಿಲ್ಲ. ತಲೆ ಕೆರೆದುಕೊಂಡರು, ಹಳೇ ಪುಸ್ತಕ ತೆಗೆದರು. ಕೊನೆಗೆ ಹಣೆ ಬಡಿದುಕೊಂಡರು.

"ತಾಯಿ ಹೇಳಿದ್ದು ಪೈಪಿಗೆ ಬಿದ್ದೇ ಇಲ್ಲ ಕಣಮ್ಮ. ಪರದೆ ಮೇಲೆ ಬರೆಯೋವಾಗ ಸಾಲು ಮುಗಿದ ಕೂಡಲೇ ಹೊರಗೆ ಹಾಕುತ್ತೆ. ಪೈಪಿಗೆ ಬರೆಯೋವಾಗ ಹಂಗಲ್ಲ. ಇನ್ನೂ ಬರ್ಲಿ, ಇನ್ನೂ ಬರ್ಲಿ, ಎಲ್ಲ ಸೇರಿಸಿ ಒಟ್ಟಿಗೆ ಕಳಿಸೋಣ ಅಂತ ಒಳಗೇ ಗುಡ್ಡೆ ಹಾಕ್ಕೊಂಡು ಕೂತಿರುತ್ತೆ. ಎಫ್‌ಫ್ಲಶ್ ಅಂತ ಹೇಳಿ ದಬ್ಬಬೇಕು. ಎರಡೂ ಕಡೆ."

ಎರಡೂ ಕಡೆ ಒಂದೊಂದು ಸಾಲು ಸೇರಿಸಿದೆ. ಮನೆಗೆ ತಂದು ಅಮ್ಮನ ತೊಡೆಯ ಮೇಲಿಟ್ಟೆ. ಅವಳು ಬಟ್ಟೆ ಚೂರುಗಳ ಮೇಲೆ ಬೆರಳಾಡಿಸಿ ಒಂದನ್ನು ಒತ್ತಿದಳು. ಕೆಂಪು. ಆಮೇಲೆ ಶೀತವಾದ ಗಂಡಸಿನಂಥ ಒಂದು ದನಿ, "ನೀನು ಊಟ ಮಾಡು." ಆಮೇಲೆ ಹಸಿರು.

ಚಿಕ್ಕಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಅಕ್ಕಂಗೆ ಮೀಸೆ ಬಂದಂಗಾಯ್ತಲ್ಲೇ."

ಅಮ್ಮನ ಭುಜ ತುಂಬ ಹೊತ್ತು ಅಲುಗಿತು. ನನಗೆ ಅಳು ಬಂತು, ಎದ್ದು ಹೋಗಿ ಸ್ಟೌವ್ ಆರಿಸಿದ್ದೇನೆಯೇ ಅಂತ ನೋಡಿಬಂದೆ.

ಸಂಜೆಯೆಲ್ಲ ಅವಳು ಅದೊಂದನ್ನೇ ಒತ್ತಿದಳು. ನೀನು ಊಟ ಮಾಡು. ಬೇರೆ ಕೀ ಮುಟ್ಟಲಿಲ್ಲ. ರೂಢಿಯಾಗಬೇಕು.

೧೮ ಜೂನ್, ಬುಧವಾರ

"ನೋವಿಲ್ಲ" ಕೀಯ ಮೇಲಿನ ಬಟ್ಟೆ ಕಿತ್ತುಬಂದಿದೆ. ಅಂಟು ಸರಿಯಿಲ್ಲ. ಅಂಗಡಿಯಿಂದ ಒಳ್ಳೆಯ ಅಂಟು ತಂದು ಮತ್ತೆ ಹಚ್ಚಿ, ಒಣಗುವ ತನಕ ಒತ್ತಿ ಹಿಡಿದು ಕೂತೆ. ಬೆರಳೂ ಅಂಟಿಕೊಂಡಿತು.

ಅಮ್ಮ ನೋಡುತ್ತಲೇ ಇದ್ದಳು.

೨೦ ಜೂನ್, ಶುಕ್ರವಾರ

ಮತ್ತೆ ಅದೇ ಕೀ. ಈ ಸಲ ಬಟ್ಟೆ ಸಿಗಲೇ ಇಲ್ಲ. ಮಂಚದ ಕೆಳಗೆ, ಹೊದಿಕೆಯ ಮಡಿಕೆಯಲ್ಲಿ, ಎಲ್ಲ ಕಡೆ ಹುಡುಕಿದೆ. ನುಂಗಿಬಿಟ್ಟಳೇ, ಕತ್ತಿನ ತೂತಿನೊಳಗೆ ಹೋಯಿತೇ ಅಂತ ಜೀವ ಬಾಯಿಗೆ ಬಂತು. ಟಾರ್ಚ್ ಹಿಡಿದುಕೊಂಡು ಬಂದೆ.

ಚಿಕ್ಕಮ್ಮ ನನ್ನ ಕೈಯಿಂದ ಟಾರ್ಚ್ ಕಿತ್ತುಕೊಂಡಳು. "ಅಂಟು ಬಿಟ್ಟಿದ್ದಲ್ಲ ಕಣೇ. ಅವಳೇ ಕಿತ್ತಿದ್ದು. ಅವತ್ತೂ ಅವಳೇ. ಗುಂಡುಪಿನ್ನಿನ ಡಬ್ಬೀಲಿ ಇಟ್ಟಿದ್ದಾಳೆ, ನೋಡು."

"ಯಾಕೆ?"

"ನನ್ನ ಕೇಳ್ತೀಯಾ? ಅವಳು ಅಲ್ಲೇ ಕೂತಿದ್ದಾಳೆ."

ನಾನು ಅಮ್ಮನ ಕಡೆ ತಿರುಗಿ, "ಆ ಬಟ್ಟೆ ಒರಟು ಅಂತಾನಾ? ಬಣ್ಣ ಇಷ್ಟ ಆಗ್ಲಿಲ್ವಾ? ಸರಿ, ಬೇರೆ ಹಾಕ್ತೀನಿ ಬಿಡು" ಅಂದೆ.

ಚಿಕ್ಕಮ್ಮ ಹೇಳಿದಳು, "ಅಕ್ಕನ ಮಾತು ಹೋಯ್ತು, ನಿನ್ನದು ಡಬಲ್ ಆಯ್ತು. ಕೇಳೋದೂ ನೀನೇ, ಹೇಳೋದೂ ನೀನೇ. ಅವಳಿಗೆ ಯಾಕೆ ಕಂಪ್ಯೂಟ್ರು?"

ಸಿಟ್ಟು ಬಂತು. ಹಗಲೆಲ್ಲ ಅಂಗಡಿ, ಸಂಜೆಯೆಲ್ಲ ಇದು, ನನಗೇನು ಬೇರೆ ಕೆಲಸವಿಲ್ಲವೇ? ಅಷ್ಟೂ ಅಂದುಬಿಟ್ಟೆ. ಚಿಕ್ಕಮ್ಮ ಚಪ್ಪಲಿ ಮೆಟ್ಟಿ ಹೋದಳು. ನಾಳೆ ಬರುತ್ತಾಳೋ ಇಲ್ಲವೋ. ಬರದಿದ್ದರೆ ಅಮ್ಮನನ್ನು ಯಾರು ನೋಡುತ್ತಾರೆ? ಯಜಮಾನರಿಗೆ ಏನು ಹೇಳಲಿ?

ನೋವಿಲ್ಲ ಅನ್ನುವ ಕೀ ಅವಳಿಗೆ ಬೇಡ ಅಂದರೆ ಏನರ್ಥ? ಬರೆಯುವಾಗ ಈಗ ಹೊಳೆಯುತ್ತಿದೆ. ಹೊಳೆದದ್ದು ಬೇಕಿರಲಿಲ್ಲ.

೨೧ ಜೂನ್, ಶನಿವಾರ

ಚಿಕ್ಕಮ್ಮ ಬಂದಳು. ಏನೂ ಆಗದವಳ ಹಾಗೆ ಟೀ ಮಾಡಿಕೊಟ್ಟಳು.

ವಾಕ್ಯಗಳನ್ನೆಲ್ಲ ಅಳಿಸಿದೆ. ಊಟದ್ದನ್ನೂ ನೀರಿನದನ್ನೂ ಮಾತ್ರ ಬಿಟ್ಟೆ. ಅಮ್ಮನ ಎದುರು ಕೂತು, ಏನು ಬರೆಯಲಿ ಅಂತ ಕೇಳಿದೆ. ಕೇಳಿದ ಮೇಲೆ ಇನ್ನೇನಾದರೂ ಹೇಳುತ್ತಿದ್ದೆನೋ ಏನೋ, ಆದರೆ ಬೆಳಗಿನಿಂದ ತಲೆನೋವು, ಊಹಿಸಲೂ ತ್ರಾಣವಿರಲಿಲ್ಲ. ಗೋಡೆಗೆ ಒರಗಿ ಸುಮ್ಮನೆ ಕೂತುಬಿಟ್ಟೆ.

ಆಮೇಲೆ ಮುಖ ಕಿವುಚಿ, ಕತ್ತು ಮುಟ್ಟಿಕೊಂಡಳು. ಕಾದು ನೋಡಿದೆ. ಮತ್ತೆ ಮುಟ್ಟಿಕೊಂಡಳು. "ನೋವಿದೆ ಅಂತಾನಾ?" ಅಂದೆ. ತಲೆಯಾಡಿಸಿದಳು. ಬರೆದೆ. ಅದಕ್ಕೆ ಅವಳೇ ಗೋಣಿಬಟ್ಟೆ ಚೂರು ಆರಿಸಿದಳು.

ಆಮೇಲೆ ಕೈ ಅಡ್ಡ ಬೀಸಿದಳು. "ಬೇಡ." ಬರೆದೆ. ಆಮೇಲೆ ನನ್ನ ಕಡೆ ಬೆರಳು ತೋರಿಸಿ, ತುಟಿಯ ಮೇಲೆ ಬೆರಳಿಟ್ಟಳು. ಚಿಕ್ಕಮ್ಮ ಒಳಗಿನಿಂದಲೇ, "ಸುಮ್ನಿರು ಅಂತಿದ್ದಾಳೆ, ಬರ್ಕೋ" ಅಂದಳು. ಅದನ್ನೂ ಬರೆದೆ.

ಕೊನೆಯದು ತಿಳಿಯಲೇ ಇಲ್ಲ. ಸೂಜಿ ಚುಚ್ಚದ ಹಾಗೆ ಬೆರಳಿಗೆ ಹಾಕುವ ಲೋಹದ ಟೋಪಿ ಸಿಕ್ಕಿಸಿಕೊಂಡು ಮೇಜಿನ ಮೇಲೆ ಟಕ್ ಟಕ್ ಎಂದು ಎರಡು ಸಲ ಬಡಿದಳು. ಸೂಜಿ ಬೇಕಾ? ಅಲ್ಲ. ಕನ್ನಡಕ? ಅಲ್ಲ. ಬಾಗಿಲಲ್ಲಿ ಯಾರಾದರೂ? ಅಲ್ಲ. ಕಣ್ಣು ಮುಚ್ಚಿಕೊಂಡಳು, ನನ್ನ ಮೇಲೆ ಬೇಸರವಾಗಿ. ನಾನೂ ಬಿಟ್ಟುಬಿಟ್ಟೆ. ಟೀ ಆರಿಹೋಯಿತು. ಎಷ್ಟೋ ಹೊತ್ತಿನ ಮೇಲೆ ಅವಳು ಮತ್ತೆ ಟಕ್ ಟಕ್ ಅಂದಾಗ, ಅವಳ ಹೊಲಿಗೆ ಅಂಗಡಿಯ ದಿನಗಳು ನೆನಪಿಗೆ ಬಂದವು. ಹೊಲಿಗೆ ಕಲಿಯಲು ಬರುತ್ತಿದ್ದವರ ಕೆಲಸ ತಪ್ಪಾದರೆ, ಪಿನ್ನು ಕಚ್ಚಿಕೊಂಡ ಬಾಯಿಂದ ಮಾತಾಡಲಾಗದೆ ಹೀಗೇ ಬಡಿಯುತ್ತಿದ್ದಳು. ಅವರು ಬಿಚ್ಚಿ ಮತ್ತೆ ನೋಡುತ್ತಿದ್ದರು.

"ಇನ್ನೊಂದು ಸಲ ನೋಡಿ ಅಂತಾನಾ?"

ತಲೆಯಾಡಿಸಿದಳು. ಆ ಕೀಗೆ ಕೆಂಪು ಉಣ್ಣೆಬಟ್ಟೆ ಹಾಕಿದೆವು.

ಯಾರಿಗೆ ಹೇಳಲು ಅದು? ಏನನ್ನು ನೋಡಲು? ಕೇಳಿದೆ. ಲ್ಯಾಪ್‌ಟಾಪ್ ಮುಚ್ಚಿ, ಮಲಗಿದಳು. ನನಗೆ ಈಗ ಹೊಸ ಚಿಂತೆ.

೨೩ ಜೂನ್, ಸೋಮವಾರ

ಎಲ್ಲ ಹಾಳಾಯಿತು. ಪ್ರೋಗ್ರಾಂ ಮೊದಲ ಸಲ ತೆರೆದಾಗ ಮಾತಾಡುತ್ತದೆ. ಮುಚ್ಚಿ ಮತ್ತೆ ತೆರೆದರೆ ಮೂಕ. ಗುರುವಾರ ಆಸ್ಪತ್ರೆ.

ಮೇಷ್ಟ್ರ ಅಂಗಡಿಗೆ ಓಡಿದೆ. ಪರೀಕ್ಷೆ ಸಮಯ, ಜೆರಾಕ್ಸಿಗೆ ಜನವೋ ಜನ. ಸಂದಿಯಲ್ಲಿ ನಿಂತು ಕಾದೆ. ಅವರು ನೋಡಿ, "ಹಳೇ ಮರಿ ಇನ್ನೂ ಸತ್ತಿಲ್ಲ. ಸ್ಪೀಕರ್ ಹಿಡ್ಕೊಂಡು ಕೂತಿದೆ. ಹೊಸ ಮರಿಗೆ ಬಾಯಿ ಸಿಗ್ತಿಲ್ಲ" ಅಂದರು.

"ತಾಯಿ ಮುಚ್ಚಿದ್ದೀನಲ್ಲ ಸಾರ್. ತಾಯಿ ಹೋದ್ಮೇಲೆ ಮರಿ ಯಾಕೆ ಕಾಯುತ್ತೆ?"

"ಪೈಪಿನ ಬರೆಯೋ ತುದಿ ಎಷ್ಟು ಜನರ ಹತ್ರ ಇದೆ? ಫೋರ್ಕ್ ಮಾಡಿದಾಗ ಎಲ್ಲ ತುದೀನೂ ಇಬ್ಬರಿಗೂ ಬರುತ್ತೆ. ಬೇಡದ್ದನ್ನ ಅವರವರು ಕ್ಲೋಸ್ ಮಾಡ್ಬೇಕು. ನೀನು ಒಂದೂ ಮುಚ್ಚಿಲ್ಲ."

"ಯಾವುದಕ್ಕೂ ಇರ್ಲಿ ಅಂತ ಬಿಟ್ಟೆ ಸಾರ್. ಮುಚ್ಚಿದ್ಮೇಲೆ ಬೇಕಾದ್ರೆ?"

ಜೆರಾಕ್ಸಿಗೆ ನಿಂತಿದ್ದವರು ನಕ್ಕರು. ಮೇಷ್ಟ್ರು ಮಾತ್ರ ನಗಲಿಲ್ಲ. "ಮರಿ ಕೇಳಿಸ್ಕೊಳ್ಳೋ ಪೈಪಿನಲ್ಲಿ ಮಾತಾಡೋ ತುದೀನ ಮರಿಯೇ ಹಿಡ್ಕೊಂಡಿದೆ. ಆ ತುದಿ ತೆರೆದಿರೋವರೆಗೂ ಇನ್ನೂ ಯಾರೋ ಏನೋ ಹೇಳ್ತಾರೆ ಅಂತ ಕಾಯುತ್ತೆ. ಯಾರೂ ಹೇಳಲ್ಲ. ಕೇಳೋ ಕಡೆಯವರು ಹೇಳೋ ತುದಿ ಮುಚ್ಚಬೇಕಮ್ಮ. ಹೇಳೋ ಕಡೆಯವರು ಕೇಳೋ ತುದಿ. ಅಷ್ಟೇ ನಿಯಮ."

ನಾಲ್ಕು ಸಾಲು ಸೇರಿಸಬೇಕು. ತಾಯಿಯಲ್ಲಿ ಎರಡು ಕ್ಲೋಸ್, ಮರಿಯಲ್ಲಿ ಎರಡು. ಯಾವುದು ಎಲ್ಲಿ ಅಂತ ಅವರು ಹಾಳೆಯಲ್ಲಿ ಬಾಣ ಹಾಕಿ ಕೊಟ್ಟರು. ದಾರಿಯಲ್ಲಿ ಹಾಳೆ ಬೀಳಿಸಿಕೊಂಡೆನೇನೋ ಅಂತ ನಿಂತು ನಿಂತು ನೋಡಿಕೊಂಡೆ.

೨೪ ಜೂನ್, ಮಂಗಳವಾರ

ಒಂದು ಬಾಣ ತಿರುಗುಮುರುಗು ಓದಿ, ಬೇಕಾದ ತುದಿಯನ್ನೇ ಮುಚ್ಚಿದೆ. ತೆರೆದ ಕೂಡಲೇ ಸತ್ತಿತು. ಸರಿ ಮಾಡಿದೆ. ಈಗ ಮುಚ್ಚಿ ತೆರೆದರೂ ಮಾತಾಡುತ್ತದೆ. ಮತ್ತೆ ಮುಚ್ಚಿದೆ, ತೆರೆದೆ. ಮತ್ತೆ. ಅಮ್ಮ ಕೈ ಚಾಚಿ ಒಂದು ಕೀ ಒತ್ತಿದಳು. "ಸುಮ್ನಿರು" ಅಂದಿತು ಮೀಸೆಯ ದನಿ.

೨೫ ಜೂನ್, ಬುಧವಾರ

ಚಾರ್ಜರ್ ಚೀಲದಲ್ಲಿದೆ. ಆಸ್ಪತ್ರೆಯ ಚೀಟಿ ಚೀಲದಲ್ಲಿದೆ. ಒರೆಸುವ ಬಟ್ಟೆ ಚೀಲದಲ್ಲಿದೆ. ನೀರು ಬೆಳಿಗ್ಗೆ.

ಚಿಕ್ಕಮ್ಮ ಕೇಳಿದಳು, "ಡಾಕ್ಟ್ರು ಎಲ್ಲ ಸರಿ ಇದೆ ಅಂದ್ರೆ ಮೂರು ತಿಂಗಳು ರಜೆ ಅಲ್ವಾ ನಿಂಗೆ?" ಹೌದು ಅಂದೆ. ಹಾಗೆ ಅನ್ನಲಿ ಅಂತ ಎಷ್ಟು ಆಸೆಯಿದೆ ಅಂತ ಯಾರಿಗೆ ಹೇಳಲಿ. ಬೆನ್ನು ಮುರಿದುಹೋಗಿದೆ. ಅಮ್ಮ ಕಣ್ಣು ಬಿಟ್ಟುಕೊಂಡು ಮಲಗಿದ್ದಾಳೆ.

೨೬ ಜೂನ್, ಗುರುವಾರ

ಮುಖ್ಯವಾದದ್ದನ್ನು ಮೊದಲು ಬರೆದುಬಿಡುತ್ತೇನೆ, ಆಮೇಲೆ ಕೈ ಸೋತರೂ ಪರವಾಗಿಲ್ಲ. ಅಮ್ಮನ ಕತ್ತಿನ ಎಡಗಡೆ ಬುಡದಲ್ಲಿ, ಭುಜದ ಕಡೆ ಹೋಗುವ ಅಡ್ಡ ಮೂಳೆಯ ಹಿಂದೆ, ಒಂದು ಗಂಟು ಸಿಕ್ಕಿದೆ. ಸಣ್ಣದು. ಸೂಜಿ ಹಾಕಿ ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಮುಂದಿನ ವಾರ ಗೊತ್ತಾಗುತ್ತದೆ. "ಏನೂ ಇಲ್ಲದೆಯೂ ಇರಬಹುದು. ಇದ್ರೂ ಈಗಲೇ ಸಿಕ್ಕಿದ್ದು ಒಳ್ಳೇದು. ಮೂರು ತಿಂಗಳು ಬಿಟ್ಟಿದ್ರೆ ಬೇರೆ ಮಾತು" ಅಂದರು ಡಾಕ್ಟರು. ಮೂರು ತಿಂಗಳ ರಜೆ ಹೋಯಿತು. ನನಗೆ ಅತ್ತು ಬಿಡಬೇಕು ಅನಿಸಿತ್ತು, ಆದರೆ ಅಮ್ಮ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನಿದ್ದೆ ಮಾಡಿದಳು. ಇಷ್ಟು ದಿನದಲ್ಲಿ ಅಂಥ ನಿದ್ದೆ ನಾನು ನೋಡಿರಲಿಲ್ಲ. ಹಾಗಾದರೆ ಚೆನ್ನಾಗಿ ನಿದ್ದೆ ಮಾಡುತ್ತಾಳೆ ಅಂತ ನಾನು ಡಾಕ್ಟರಿಗೆ ಹೇಳಿದ್ದೆಲ್ಲ ಏನು?

ನಾನು ಅಲ್ಲಿ ಏನೂ ಮಾಡಲಿಲ್ಲ. ಲ್ಯಾಪ್‌ಟಾಪ್ ಅಮ್ಮನ ತೊಡೆಯ ಮೇಲಿಟ್ಟು ಬ್ಯಾಟರಿಯ ಗುರುತನ್ನೂ ಚುಕ್ಕಿಯನ್ನೂ ನೋಡುತ್ತಾ ಕೂತಿದ್ದೆ. ಕೆಂಪು ಬಂದದ್ದು ಹಸಿರಾಗದೆ ಹೋದರೆ ಎಲ್ಲರ ಎದುರು ಮಾನ ಹೋಗುತ್ತದೆ ಅನ್ನುವುದೊಂದೇ ತಲೆಯಲ್ಲಿ. ಡಾಕ್ಟರು ಕತ್ತಿನ ಎರಡೂ ಕಡೆ ಒತ್ತಿ ನೋಡಿ, "ಗಾಯ ಚೆನ್ನಾಗಿ ಒಣಗಿದೆ" ಅಂದರು. ಆಮೇಲೆ ಅಮ್ಮನನ್ನೇ ಕೇಳಿದರು, "ನೋವಿದೆಯಾ?"

ಹಿಂದಿನ ಸಲ ಈ ಮಾತು ಮುಗಿಯುವ ಮೊದಲೇ ನಾನು ಬಾಯಿ ಹಾಕಿದ್ದೆ. ಇವತ್ತು ಕಣ್ಣು ಚುಕ್ಕಿಯ ಮೇಲಿತ್ತು. ಅಮ್ಮ ಗೋಣಿಬಟ್ಟೆ ಒತ್ತಿದಳು. ಕೆಂಪು. "ನೋವಿದೆ." ಹಸಿರು. ಸದ್ಯ ಅಂದುಕೊಂಡೆ.

"ಎಲ್ಲಿ?" ಅಮ್ಮ ಎಡಗಡೆ ತೋರಿಸಿದಳು. ಅವರು ಮತ್ತೆ ಒತ್ತಿದರು. "ಇಲ್ಲಿ ಏನೂ ಕೈಗೆ ಸಿಗ್ತಿಲ್ಲ. ಹೊಲಿಗೆ ಹಾಕಿದ ಜಾಗ ಎಳೆಯುತ್ತೆ, ಸ್ವಲ್ಪ ದಿನ ಇರುತ್ತೆ." ಕೈಗವಸು ತೆಗೆದು ಬುಟ್ಟಿಗೆ ಹಾಕಿ, ಕುರ್ಚಿಗೆ ಹೋಗಿ ಬರೆಯಲು ಕೂತರು. ನನ್ನ ಕಡೆ ನೋಡಿ, "ಇನ್ನು ಮೂರು ತಿಂಗಳು ಬಿಟ್ಟು ಬನ್ನಿ" ಅಂದರು.

ಆಯ್ತು ಡಾಕ್ಟ್ರೇ ಅನ್ನಬೇಕು ಅಂತ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಚುಕ್ಕಿ ಕೆಂಪಾಯಿತು. ಅದು ಹಸಿರಾಗುವ ತನಕ ಕಾಯೋಣ ಅಂತ ಬಾಯಿ ಮುಚ್ಚಿಕೊಂಡೆ. ಮೀಸೆಯ ದನಿ ಹೇಳಿತು, "ಇನ್ನೊಂದು ಸಲ ನೋಡಿ."

ಡಾಕ್ಟರು ಬರೆಯುತ್ತಲೇ, "ನೋಡಿದ್ನಲ್ಲಮ್ಮ, ಎರಡು ಸಲ ನೋಡಿದೆ" ಅಂದರು. ಹೊರಗೆ ಇನ್ನೊಬ್ಬ ಪೇಷಂಟಿನ ನಂಬರ್ ಕೂಗುತ್ತಿದ್ದರು. ಅಮ್ಮ ಅವರ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಎಡಭುಜ ಮೇಲೆತ್ತಿ, ಆ ಕೈಯ ಎರಡು ಬೆರಳನ್ನು ಅಡ್ಡ ಮೂಳೆಯ ಹಿಂದೆ ಇಳಿಸಿ, ಅಲ್ಲೇ ಇಟ್ಟುಕೊಂಡಳು. ಇನ್ನೊಂದು ಕೈಯಿಂದ ಕೆಂಪು ಉಣ್ಣೆಯನ್ನು ಹುಡುಕಿ ಮತ್ತೆ ಒತ್ತಿದಳು.

"ಇನ್ನೊಂದು ಸಲ ನೋಡಿ."